ಬಸ್ಸಾರಿನ ಸೊಪ್ಪನ್ನು ಕುಕ್ಕರಿನಲ್ಲಿ ಕೂಗಿಸಬೇಡಿ

ಬಸ್ಸಾರಿಗೆಂದು ಸಂತೆಯಿಂದ ತಂದ ದಂಟಿನ ಸೊಪ್ಪು, ತೊಗರಿಬೇಳೆ, ಹುಣಸೆಹಣ್ಣು ಮೂರನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ಬಾರಿ ಕೂಗಿಸಿದಿರೆಂದೂ, ಸೊಪ್ಪು ಮಂಕಾಗಿ ಕರಗಿ ಕಟ್ಟು, ಅಂದರೆ ಸಾರಿಗೆ ಬೇಕಾದ ಬೆಂದ ನೀರು, ಬಸಿಯಲಾಗಲಿಲ್ಲವೆಂದೂ, ಬೇಳೆ ಮಾತ್ರ ಅಲ್ಲಲ್ಲಿ ಗಟ್ಟಿಯಾಗಿ ಉಳಿಯಿತೆಂದೂ ಬರೆದಿದ್ದೀರಿ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿಯೂ ನಡೆಯುತ್ತಿದ್ದ ತಪ್ಪು ಇದಾದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತಿದ್ದೇನೆ.

ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಸೊಪ್ಪಿನ ಹಸಿರೂ ಕಂದುತ್ತದೆ. ಆದ್ದರಿಂದ ಹುಣಸೆಹಣ್ಣಿಗೆ ರುಬ್ಬುವ ಮಸಾಲೆಯಲ್ಲಿ ಮಾತ್ರ ಜಾಗ. ನಾಲ್ಕು ಜನರಿಗೆ ಒಂದು ಲೋಟ ಬೇಳೆಯನ್ನು ಆರು ಲೋಟ ನೀರಿನೊಂದಿಗೆ ಅಗಲವಾದ ಪಾತ್ರೆಯಲ್ಲಿ, ಮುಚ್ಚಳ ಓರೆ ಮಾಡಿ ಬೇಯಿಸಿ. ಬೆರಳಿನಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಕಾಳಿನ ಆಕಾರ ಕೆಡಬಾರದು. ಈ ಹದ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಆಗ ಮೊದಲು ಹೆಚ್ಚಿದ ದಂಟು, ಎರಡು ನಿಮಿಷದ ನಂತರ ಎಲೆ ಮತ್ತು ಉಪ್ಪು ಹಾಕಿ, ಮುಚ್ಚಳವಿಲ್ಲದೆ ಐದಾರು ನಿಮಿಷ ಬೇಯಿಸಿ ತಕ್ಷಣ ಬಸಿಯಿರಿ. ಬಲಿತ ದಂಟಾದರೆ ನಾರು ತೆಗೆಯದೆ ಹಾಕಬೇಡಿ. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೊಪ್ಪು ಲೋಳೆಯಾಗುತ್ತದೆ, ಸತ್ವವೂ ಹೋಗುತ್ತದೆ.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿಗಳನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಮೆಣಸಿನಕಾಯಿ, ಅರ್ಧ ಲೋಟ ಕಾಯಿತುರಿ, ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ಮತ್ತು ಬಸಿದ ಬೇಳೆ-ಸೊಪ್ಪಿನಲ್ಲಿ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ, ಬಸಿದಿಟ್ಟ ಕಟ್ಟಿಗೆ ಬೆರೆಸಿ ಕುದಿಸಿ. ಆ ಒಂದು ಸೌಟನ್ನು ಬಿಟ್ಟರೆ ಸಾರು ನೀರಾಗುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಸಾಕು. ಎಂಟಿಆರ್ ಸಾಂಬಾರ್ ಪುಡಿ ತರಕಾರಿ ಹುಳಿಗೆ ಒಪ್ಪುತ್ತದೆಯೇ ಹೊರತು ಬಸ್ಸಾರಿಗೆ ಬೇಡ, ಏಕೆಂದರೆ ಸೊಪ್ಪಿನ ಪರಿಮಳವನ್ನು ಅದು ಮುಚ್ಚಿಬಿಡುತ್ತದೆ. ಉಳಿದ ಬೇಳೆ-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವೂ ಸಿದ್ಧ. ಪಾಲಕ್ ಮಾತ್ರ ಇದಕ್ಕೆ ತರಬೇಡಿ. ಅದು ಬಸಿಯುವಷ್ಟರಲ್ಲಿ ಮುದ್ದೆಯಾಗುತ್ತದೆ. ಬೆರಕೆ ಸೊಪ್ಪು ಸಿಕ್ಕಿದ ದಿನ ಬೇರೆ ಯಾವುದನ್ನೂ ಹುಡುಕಬೇಕಿಲ್ಲ, ಆದರೆ ಪ್ರತಿಯೊಂದು ಎಸಳನ್ನೂ ನೋಡಿ ಬಿಡಿಸಬೇಕು.

ಸೊಪ್ಪನ್ನು ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟೆನೆಂದೂ ಹೇಳಿದ್ದೀರಿ. ಅಷ್ಟು ತಾಜಾ ಸೊಪ್ಪನ್ನು ಕೊಳೆಸುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಮನೆಗೆ ತಂದ ಕೂಡಲೇ ಸೊಪ್ಪಿನ ಕಂತೆ ಬಿಚ್ಚಿ, ಒಣಗಿದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಅಡುಗೆಗೆ ಮುಂಚೆ, ಹೆಚ್ಚುವ ಮೊದಲು, ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಸೊಪ್ಪನ್ನೇ ಮೇಲೆತ್ತಬೇಕು. ನೀರನ್ನು ಬಗ್ಗಿಸಿದರೆ ತಳದ ಮರಳು ಮತ್ತೆ ಸೊಪ್ಪಿಗೇ ಅಂಟುತ್ತದೆ.

ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಬೇಳೆಯ ಬದಲಿಗೆ ಎಳೆಯ ಅವರೆಕಾಳು, ದಂಟಿನ ಬದಲಿಗೆ ಸಬ್ಬಸಿಗೆ ಸೊಪ್ಪು ಹಾಕಿ ಮಾಡಿ ನೋಡಿ. ಹಸಿ ಕಾಳು ಬೇಗ ಬೇಯುವುದರಿಂದ ನೀರನ್ನು ಒಂದು ಲೋಟ ಕಡಿಮೆ ಇಡಿ.