ಉತ್ತರ ಕನ್ನಡದ ಸಂಸದರ ಕೆಲಸವನ್ನು ಅಳೆಯುವುದು ಹೇಗೆ?

ಶಿರಸಿ, ಕಾರವಾರದ ಕಡೆ ಸಂಸದರ ಸಾಧನೆಯೆಂದರೆ ಹೆಚ್ಚಿನವರು ನೋಡುವುದು ಬಸ್ ತಂಗುದಾಣದ ಮೇಲಿನ ಹೆಸರನ್ನು. ಅದು ಪೂರ್ಣ ಅಳತೆಯಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿ 8 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ಸುಮಾರು 62 ಲಕ್ಷವಷ್ಟೇ ಬರುತ್ತದೆ. ಕಾಮಗಾರಿಯನ್ನು ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಮತ್ತು ಅನುಷ್ಠಾನ ಜಿಲ್ಲಾಡಳಿತದ್ದು.

ನನ್ನ ದೃಷ್ಟಿಯಲ್ಲಿ ನಿಜವಾದ ದಾಖಲೆ ಇರುವುದು ಲೋಕಸಭೆಯಲ್ಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಿಗುತ್ತದೆ. ಎರಡೂ ದಿನಾಂಕ, ಪ್ರಶ್ನೆ ಸಂಖ್ಯೆ ಸಹಿತ ಲೋಕಸಭೆಯ ಜಾಲತಾಣದಲ್ಲಿವೆ. ಆದರೆ ಬರೀ ಎಣಿಕೆ ದಾರಿ ತಪ್ಪಿಸುತ್ತದೆ. ಇಲ್ಲಿಂದ ಆರು ಬಾರಿ ಗೆದ್ದ ಅನಂತಕುಮಾರ ಹೆಗಡೆ 2017ರಿಂದ 2019ರವರೆಗೆ ಕೇಂದ್ರದ ರಾಜ್ಯ ಸಚಿವರಾಗಿದ್ದರು; ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಆ ಅವಧಿಯನ್ನು 2024ರಲ್ಲಿ ಆಯ್ಕೆಯಾದ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಅಂಕಿಗಳೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಸಂಖ್ಯೆಗಿಂತ ವಿಷಯ ಮುಖ್ಯ. ಪಶ್ಚಿಮ ಘಟ್ಟದ ಅರಣ್ಯ ಅನುಮತಿಯ ತೊಡಕಿನಿಂದ ದಶಕಗಳಿಂದ ನಿಂತಿರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವನ್ನೇ ತೆಗೆದುಕೊಳ್ಳಿ: ಸಂಸದರು ಯಾವ ಸಚಿವಾಲಯವನ್ನು ಏನು ಕೇಳಿದರು, ಬಂದ ಉತ್ತರವನ್ನು ಮುಂದಿನ ಅಧಿವೇಶನದಲ್ಲಿ ಬೆನ್ನುಹತ್ತಿದರೇ ಎಂಬುದನ್ನು ಓದಿ ನೋಡಿ.