ನ್ಯೂರೋಸೈನ್ಸ್ ಲ್ಯಾಬ್‌ಗಳಿಂದ ಉತ್ತರ ಯಾಕೆ ಬರುತ್ತಿಲ್ಲ?
ಇ.ಸಿ. (ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಮುಗಿಸಿ, ಕೆಲಸ ಕೇಳಿ ಎಂಟು ನ್ಯೂರೋಸೈನ್ಸ್ (ಮೆದುಳು, ನರಗಳ ಅಧ್ಯಯನ) ಲ್ಯಾಬ್‌ಗಳಿಗೆ ಒಂದೇ ರೆಸ್ಯೂಮೆ ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ ಅಂದಿದ್ದೀರಿ. ತೊಂದರೆ ಬಹುಶಃ ಆ ರೆಸ್ಯೂಮೆಯಲ್ಲೇ ಇದೆ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನಮ್ಮ ಲ್ಯಾಬ್‌ಗೆ ಬರುವ ಅರ್ಜಿಗಳಲ್ಲಿ ಜಾಸ್ತಿ ಕಾಣುವುದು ಇದೇ: ಐಟಿ ಕಂಪನಿಗೆ ಬರೆದದ್ದನ್ನೇ ಇಲ್ಲಿಗೂ ಕಳಿಸಿರುತ್ತಾರೆ. ಜೀವಶಾಸ್ತ್ರ ಗೊತ್ತಿಲ್ಲ ಅನ್ನುವುದು ದೊಡ್ಡ ಅಡ್ಡಿಯಲ್ಲ.

ಮೊದಲು ಎರಡೇ ಲ್ಯಾಬ್ ಆರಿಸಿಕೊಳ್ಳಿ. ಬೆಂಗಳೂರಿನಲ್ಲೇ ಐಐಎಸ್‌ಸಿ, ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಕೇಂದ್ರ), ನಿಮ್ಹಾನ್ಸ್ ಇವೆ. ಅವರ ಇತ್ತೀಚಿನ ಪೇಪರ್‌ನಲ್ಲಿ ಪ್ರಯೋಗ ಮಾಡಿದ ವಿಧಾನ ಓದಿ. ಯಾವ ಆಂಪ್ಲಿಫೈಯರ್, ಯಾವ ಕ್ಯಾಮೆರಾ, ಕೋಡ್ ಮ್ಯಾಟ್‌ಲ್ಯಾಬೋ ಪೈಥಾನೋ ಗುರುತು ಮಾಡಿಕೊಳ್ಳಿ.

ಆಮೇಲೆ ಒಂದು ಸಣ್ಣ ಕೆಲಸ ಮಾಡಿ ತೋರಿಸಿ. ಇದೇ ಮುಖ್ಯ. ಮೆದುಳಿನ ನರಕೋಶಗಳ ವಿದ್ಯುತ್ ಸಿಗ್ನಲ್ ದಾಖಲಿಸುವ, ಸೂಜಿಯಂಥ ನ್ಯೂರೋಪಿಕ್ಸೆಲ್ಸ್ 1.0 ಪ್ರೋಬ್ 384 ಚಾನೆಲ್‌ಗಳನ್ನು ಸೆಕೆಂಡಿಗೆ 30,000 ಸಲ ಓದುತ್ತದೆ. ಒಂದು ಸ್ಯಾಂಪಲ್‌ಗೆ 2 ಬೈಟ್ ಅಂದರೂ ಗಂಟೆಗೆ ಸುಮಾರು 83 ಜಿಬಿ. ಅದನ್ನು ಸಂಭಾಳಿಸುವವರು ಬೇಕು ಅಲ್ವಾ? ನ್ಯೂರೋಸೈನ್ಸ್ ಡೇಟಾ ಉಚಿತವಾಗಿ ಸಿಗುವ ಡ್ಯಾಂಡಿ ಆರ್ಕೈವ್ ಎಂಬ ತಾಣದಿಂದ ಚಿಕ್ಕದೊಂದು ರೆಕಾರ್ಡಿಂಗ್ ಇಳಿಸಿಕೊಳ್ಳಿ. ಸ್ಪೈಕ್‌ಇಂಟರ್‌ಫೇಸ್ ಎಂಬ ಉಚಿತ ಪೈಥಾನ್ ಲೈಬ್ರರಿಯಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನ ಸಿಗ್ನಲ್ ತೆಗೆದುಹಾಕಿ, ಸ್ಪೈಕ್‌ಗಳನ್ನು (ನರಕೋಶಗಳ ಕ್ಷಣಿಕ ವಿದ್ಯುತ್ ಮಿಡಿತಗಳನ್ನು) ಹುಡುಕಿ, ಕೋಡ್ ಗಿಟ್‌ಹಬ್‌ಗೆ ಹಾಕಿ. ಹಾರ್ಡ್‌ವೇರ್ ಇಷ್ಟವಾದರೆ, ಆರ್ಡುಯಿನೋ ಬೋರ್ಡ್‌ನಿಂದ ಕ್ಯಾಮೆರಾಗೂ ಎಲ್‌ಇಡಿಗೂ ಒಂದೇ ಪಲ್ಸ್ ಕೊಟ್ಟು, ಎಷ್ಟು ಮಿಲಿಸೆಕೆಂಡ್ ತಡವಾಗುತ್ತದೆ ಅಂತ ಅಳೆಯಿರಿ. ಲ್ಯಾಬ್‌ಗಳಲ್ಲಿ ಇಂಥ ತಲೆನೋವು ದಿನಾ ಇರುತ್ತದೆ.

ಕೊನೆಗೆ ಲ್ಯಾಬ್ ಮುಖ್ಯಸ್ಥರಿಗೇ ಐದು ಸಾಲಿನ ಮೇಲ್ ಬರೆಯಿರಿ. ಕೋಡ್‌ನ ಲಿಂಕ್ ಮೊದಲ ಸಾಲಲ್ಲೇ ಇರಲಿ. ಇಂಥ ಹುದ್ದೆಗಳು ಹೆಚ್ಚಾಗಿ ಪ್ರಾಜೆಕ್ಟ್ ಹಣದ ಮೇಲೆ ನಿಂತಿರುತ್ತವೆ, ಹಾಗಾಗಿ ಈಗ ಜಾಗ ಇಲ್ಲ ಅಂದರೆ ಮುಂದಿನ ಪ್ರಾಜೆಕ್ಟ್ ಯಾವಾಗ ಶುರು ಅಂತ ಕೇಳಿ.