ಇಡೀ ಸರ್ಕಾರ ಒಂದೇ ಪಕ್ಷದ ಕೈಯಲ್ಲಿದ್ದರೆ ಅಪಾಯವೇನು?

ಎಲ್ಲ ಹಂತಗಳಲ್ಲೂ ನೀವು ಮೆಚ್ಚಿದ ಪಕ್ಷವೇ ಗೆದ್ದಿರುವಾಗ ಕೆಲಸಗಳು ತಡೆಯಿಲ್ಲದೆ ಸಾಗುತ್ತವೆ, ಇದರಲ್ಲಿ ಅಪಾಯವೇನು ಎಂದು ಕೇಳಿದ್ದೀರಿ. ಸ್ಥಳೀಯ ಸಂಸ್ಥೆಯೊಂದಕ್ಕೆ ಆಯ್ಕೆಯಾದ ದಿನ ನಾನೂ ಇದೇ ಮಾತನ್ನು ಆಡಿದ್ದೆ. ಮೇಲಿನಿಂದ ಕೆಳಗಿನವರೆಗೆ ನಮ್ಮದೇ ಪಕ್ಷ. ನಮ್ಮ ಸಭೆಯಲ್ಲಿ ವಿರೋಧ ಪಕ್ಷದ ಒಬ್ಬ ಸದಸ್ಯರೂ ಇರಲಿಲ್ಲ. ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ನನಗೆ ಬಂತು.

ಎರಡನೆಯ ವರ್ಷ ಲೆಕ್ಕಪರಿಶೋಧನೆಯ ಆಕ್ಷೇಪಣೆಯೊಂದು ನನ್ನ ಮುಂದೆ ಬಂದಿತು. ನೀರಿನ ಕೊಳವೆ ಕಾಮಗಾರಿಯೊಂದಕ್ಕೆ, ಮುಗಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದಲ್ಲಿ ನಮೂದೇ ಇಲ್ಲದೆ ಬಿಲ್ ಪಾವತಿಯಾಗಿತ್ತು. ನಾನು ಅದನ್ನು ಸಭೆಯಲ್ಲಿ ಚರ್ಚೆಗೆ ತರಲಿಲ್ಲ. ಇದನ್ನು ಬಿಡಿಸಿ ಹೇಳಬೇಕು. ನಾನು ಹಣ ಪಡೆದಿರಲಿಲ್ಲ, ಯಾರೂ ನನ್ನನ್ನು ಬೆದರಿಸಿಯೂ ಇರಲಿಲ್ಲ. ನಮ್ಮವರ ತಪ್ಪನ್ನು ನಮ್ಮವರೊಳಗೇ ತಿದ್ದಬಹುದು, ಬಹಿರಂಗವಾಗಿ ಕೇಳಿದರೆ ಪಕ್ಷಕ್ಕೆ ಮುಜುಗರ ಎಂದುಕೊಂಡು ಪಕ್ಷದ ಒಳಸಭೆಯಲ್ಲಿ ಬಾಯಿಮಾತಿನಲ್ಲಿ ಪ್ರಸ್ತಾಪಿಸಿದೆ. ‘ನೋಡೋಣ’ ಎಂಬ ಉತ್ತರ ಬಂತು. ನಡಾವಳಿಯಲ್ಲಿ ‘ಮುಂದಿನ ಸಭೆಗೆ ಮುಂದೂಡಲಾಗಿದೆ’ ಎಂದು ಬರೆಸಿ ಸಹಿ ಹಾಕಿದೆ. ಒಳಸಭೆಯ ಮಾತಿಗೆ ದಾಖಲೆಯಿಲ್ಲ ಎಂಬುದು ನನಗೆ ತಿಳಿಯದ ಸಂಗತಿಯಾಗಿರಲಿಲ್ಲ. ಅದಿಲ್ಲದಿರುವುದೇ ಆಗ ಅನುಕೂಲವೆನಿಸಿತ್ತು. ಕೆಲವೇ ತಿಂಗಳಲ್ಲಿ ಆಕ್ಷೇಪಣೆಗೆ ಕಾರಣವಾದ ಟಿಪ್ಪಣಿ ಬರೆದಿದ್ದ ಅಧಿಕಾರಿಯನ್ನು ವರ್ಗಾಯಿಸಿದಾಗ, ಅವರು ಬರೆದದ್ದು ಸರಿ ಎಂದು ತೋರಿಸಲು ಸದಸ್ಯರ ಒಂದು ಪ್ರಶ್ನೆಯೂ ಕಾಗದದ ಮೇಲಿರಲಿಲ್ಲ. ಆ ಕೊಳವೆಯಿಂದ ನೀರು ಬರಬೇಕಿದ್ದ ಬೀದಿಗಳವರು ಎರಡು ಬೇಸಿಗೆ ಟ್ಯಾಂಕರ್ ನೀರಿಗೆ ಕಾದರು. ಮುಂದಿನ ಚುನಾವಣೆಯಲ್ಲಿ ಅವರು ನನ್ನನ್ನು ಸೋಲಿಸಿದರು, ಅದು ನ್ಯಾಯವೇ.

ಆದ್ದರಿಂದ ತಡೆಯಿಲ್ಲದಿರುವುದನ್ನು ಲಾಭವೆಂದು ಎಣಿಸುವ ನಿಮ್ಮ ನೆಲೆಯನ್ನೇ ನಾನು ಒಪ್ಪಲಾರೆ. ಹಾಗೆಂದು ಸ್ಥಾನಗಳ ಸಂಖ್ಯೆಯೊಂದೇ ಅಪಾಯವೆಂದೂ ಹೇಳಲಾರೆ. 1937ರಲ್ಲಿ ಅಮೆರಿಕದ ಸೆನೆಟ್‌ನ 96 ಸ್ಥಾನಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಅಧ್ಯಕ್ಷ ರೂಸ್‌ವೆಲ್ಟ್ ಅವರ ಪಕ್ಷದ ಕೈಯಲ್ಲಿದ್ದವು. ಆದರೂ ಸುಪ್ರೀಂ ಕೋರ್ಟಿಗೆ ಆರು ಮಂದಿಯವರೆಗೆ ಹೊಸ ನ್ಯಾಯಮೂರ್ತಿಗಳನ್ನು ಸೇರಿಸುವ ಅವರ ಮಸೂದೆಯನ್ನು ಸೆನೆಟ್ 70–20 ಮತಗಳಿಂದ ಸಮಿತಿಗೆ ಹಿಂದಿರುಗಿಸಿ ಕೊನೆಗಾಣಿಸಿತು. ಭಾರತದಲ್ಲಿ 1976ರಲ್ಲಿ, ವಿರೋಧ ಪಕ್ಷಗಳ ಅನೇಕ ನಾಯಕರು ಸೆರೆಯಲ್ಲಿದ್ದಾಗ, ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿದ ಸಂವಿಧಾನದ 42ನೇ ತಿದ್ದುಪಡಿಯನ್ನು ತಡೆಯುವಷ್ಟು ದನಿ ಆಳುವ ಪಕ್ಷದೊಳಗಿಂದ ಏಳಲಿಲ್ಲ. ಅದನ್ನು ಮತ್ತೆ ಐದಕ್ಕೆ ಇಳಿಸಲು ಸರ್ಕಾರವೇ ಬದಲಾಗಿ, 1978ರಲ್ಲಿ 44ನೇ ತಿದ್ದುಪಡಿ ಬರಬೇಕಾಯಿತು.

ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು 1967ರಿಂದ ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಏಕಿದೆಯೆಂಬುದು ನನಗೆ ಸೋತ ಮೇಲೆ ಅರ್ಥವಾಯಿತು. ನೀವು ಗೆಲ್ಲಿಸಿದವರನ್ನು ಮೊದಲು ಇದನ್ನೇ ಕೇಳಿ: ಲೆಕ್ಕ ನೋಡುವವರು ಯಾರು? ಹೊರಗಿನವರು ಯಾರೂ ಇಲ್ಲವೆಂದಾದರೆ, ಪ್ರತಿಯೊಂದು ಆಕ್ಷೇಪಣೆಯನ್ನೂ ತೆರೆದ ಸಭೆಯಲ್ಲಿ ಓದಿಸಿ, ಯಾರು ಏನು ಕೇಳಿದರೆಂಬುದನ್ನು ಹೆಸರು ಸಹಿತ ನಡಾವಳಿಯಲ್ಲಿ ಬರೆಸಬೇಕೆಂದು ಪಟ್ಟು ಹಿಡಿಯಿರಿ.